ತಿಜೋರಿ ಬಾಗಿಲ ಮೇಲಿನ ಹೆಸರು

ಕಲಬುರಗಿಯಿಂದ ಕಮಲಾಪುರಕ್ಕೆ ಹೊರಟ ಬಸ್ಸಿನಲ್ಲಿ, ನನ್ನ ಮುಂದಿನ ಸೀಟಿನಲ್ಲಿ ಅಕ್ಕ ತಮ್ಮ ಕುಳಿತಿದ್ದರು. ಅಕ್ಕನ ತೊಡೆಯ ಮೇಲೆ ಗುಲಾಬಿ ಪೇಂಟಿನ ಡಬ್ಬಿಯಿತ್ತು.

“ಎರಡು ಸಲ ಬಣ್ಣ ಹಚ್ಚೀನಿ ಚಂದ್ರಶಾ. ಅರಿವಿ ಇಡೂ ತಿಜೋರಿ ಬಾಗಿಲ ಮ್ಯಾಲಿನ ಹೆಸರು ಮತ್ತ ಎದ್ದು ಕಾಣಾಕತ್ತದ.”

“ಹಚ್ಚೂಕಿಂತ ಮದಲ ಉಸುಕಿನ ಕಾಗದಲೆ ತಿಕ್ಕಿದ್ದೇನಕ್ಕಾ?”

“ಇಲ್ಲ.”

“ತಿಕ್ಕದ ಹಳೀ ಅಕ್ಷರ ಹೆಂಗ ಹೋಗ್ತಾವ? ನಾಳಿದ್ದ ಕಸ್ತೂರಿ ಲಗ್ನ. ಸತ್ತಾಕಿ ಹೆಸರು ಕಂಡ್ರ ಬೀಗರು ತಿಜೋರಿ ಮನ್ಯಾಗ ಇಟ್ಕೊತಾರೇನು?”

“ಮಹಾನಂದಾನ ಲಗ್ನದಾಗ ನಾನ ಮುಂದ ನಿಂತು ಬರಿಸಿದ ಹೆಸರದು. ಆಕಿ ಹೋದ ಮ್ಯಾಲ ಆ ಮನಿಯವರು ತಿರುಗಿ ಕಳಿಸಿದ್ದು ಇದೊಂದ. ಮಗಳ ಹೆಸರು ನನ್ನ ಕೈಲೆ ಹೆಂಗ ಕೆರೀಲಿ?”

“ಹೊಸಾದು ಕೊಡೂ ಶಕ್ತಿ ನಮಗಿಲ್ಲ. ಕಸ್ತೂರಿಗೂ ನೀನ ಅವ್ವ ಅಲ್ಲೇನಕ್ಕಾ?”

ಆಕೆ ಡಬ್ಬಿಯ ಮುಚ್ಚಳವನ್ನು ಒತ್ತಿ ಹಿಡಿದುಕೊಂಡು ಕುಳಿತರು. ಕಮಲಾಪುರ ಬಂತು. ಚಂದ್ರಶಾ ಡಬ್ಬಿ ತೆಗೆದುಕೊಂಡು ಎದ್ದ.

“ನಾ ತಿಕ್ತೀನಿ. ನೀ ಹೊರಗ ಕುಂದ್ರು.”

“ಹೊರಗ ಕುಂತ್ರೂ ಸಪ್ಪಳ ಕೇಳ್ತದಲ್ಲೋ ತಮ್ಮಾ,” ಎನ್ನುತ್ತಾ ಆಕೆ ಅವನ ಹಿಂದೆ ಇಳಿದು ಹೋದರು.