ನೆಟ್ಟಗೆ ಎಳೆದ ಮೂರು ಹಳದಿ ಗೆರೆ

ಕರೆಯುವ ಹೆಸರು ಚಿಟ್ಟಿ, ವಯಸ್ಸು ಇಪ್ಪತ್ತೆರಡು ವರ್ಷ, ಓದು ನಾಲ್ಕನೇ ತರಗತಿ, ಕೆಲಸ ಗಾಡಿಗಳ ಸೀಟಿಗೆ ಕವರ್ ಹೊಲಿಯುವುದು, ವಾಸ ಹಳೆಯ ನೀರಿನ ಟ್ಯಾಂಕಿನ ಹಿಂದಿನ ಬೀದಿ, ಅಪಘಾತವಾದ ಪಿಕಪ್ ಗಾಡಿಯ ಮಾಲೀಕನ ತಂಗಿಯಾದ ನಾನು, ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಅಣ್ಣ ಭಾರ ಎಳೆಯುವ ದೊಡ್ಡ ಪಿಕಪ್ ಗಾಡಿಯಲ್ಲಿ ಜನರೇಟರುಗಳನ್ನು ಸಾಗಿಸುತ್ತಾನೆ. ಆ ಗಾಡಿಯ ಒಂದೊಂದು ಚಕ್ರಕ್ಕೆ ಎಂಟು ನಟ್ಟು. ದಿನಾಂಕ 11, ಸೋಮವಾರ ಬೆಳಿಗ್ಗೆ 10 ಗಂಟೆಗೆ, ಗಾಡಿಗೆ ಹೊಸ ರಿಮ್ಮು ಮತ್ತು ಮೊದಲಿಗಿಂತ ದೊಡ್ಡ ಟಯರು ಹಾಕಿಸಲು ನಾವಿಬ್ಬರೂ ಟಯರ್ ಅಂಗಡಿಗೆ ಹೋದೆವು. ಸೀಟಿಗೂ ಹೊಸ ಕವರ್ ಆಗಬೇಕಿದ್ದರಿಂದ ಅಣ್ಣ ನನ್ನನ್ನು ಕರೆದುಕೊಂಡು ಹೋಗಿದ್ದ. ಅಂಗಡಿಯ ಹಿರಿಯರಿಗೆ ಅರವತ್ತು ದಾಟಿದೆ, ಎಲ್ಲರೂ ಗಾಳಿಯಜ್ಜ ಎನ್ನುತ್ತಾರೆ. ಅವರು ನಟ್ಟು ಬಿಗಿ ಮಾಡಲಿಲ್ಲ ಎಂದು ಅಣ್ಣ ದೂರು ಕೊಟ್ಟಿದ್ದಾನೆ. ನಿನ್ನೆ ಮಧ್ಯಾಹ್ನದಿಂದ ಈ ಠಾಣೆಯ ಒಳಕೋಣೆಯಲ್ಲಿ ಕೂರಿಸಿರುವುದು ಅವರನ್ನೇ. ದೂರು ಸರಿಯಲ್ಲ.

ಅಂಗಡಿಯಲ್ಲಿ ಅಣ್ಣ ಹೋದವನೇ ಮೂವತ್ತೇಳು ಇಂಚಿನ ಟಯರಿನ ಮುಂದೆ ನಿಂತ. ಅಂಥದ್ದನ್ನು ನಾನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಅದರ ಮೇಲ್ಮೈಯಲ್ಲಿ ಎದ್ದ ಒಂದೊಂದು ರಬ್ಬರ್ ಕಟ್ಟೆಯೂ ನನ್ನ ಅಂಗೈಗಿಂತ ಅಗಲವಿತ್ತು. ನಾನು ಮುಟ್ಟಿ ನೋಡಿ ಕೈ ಹಿಂದಕ್ಕೆ ತೆಗೆದೆ. ಅಣ್ಣ, ಇದೇ ಇರಲಿ ಅಜ್ಜ, ಎದುರಿಗೆ ಬರೋರು ನೋಡಿದ ತಕ್ಷಣ ದಾರಿ ಬಿಡಬೇಕು ಎಂದ. ಅಜ್ಜ, ದೊಡ್ಡ ಚಪ್ಪಲಿ ಹಾಕ್ಕೊಂಡೋರೆಲ್ಲ ದೊಡ್ಡೋರಾಗಲ್ಲ ತಮ್ಮಾ, ಎಡವ್ತಾರೆ ಅಷ್ಟೆ ಎಂದರು. ಆಮೇಲೆ, ಎಷ್ಟು ಭಾರ ಹೊರ್ತೀಯ, ಮೊದಲು ಅದು ಹೇಳು ಎಂದು ಕೇಳಿದರು.

ಅಜ್ಜ ಸ್ಟೇರಿಂಗನ್ನು ಪೂರ್ತಿ ತಿರುಗಿಸಲು ಹೇಳಿ, ಮೂವತ್ತೇಳು ಇಂಚಿಗೆ ದುಂಡಗೆ ಕತ್ತರಿಸಿಟ್ಟಿದ್ದ ರಟ್ಟನ್ನು ಚಕ್ರದ ಜಾಗದಲ್ಲಿ ಹಿಡಿದು ತೋರಿಸಿದರು. ರಟ್ಟು ಎರಡು ಕಡೆ ತಗಡಿಗೆ ತಾಗಿ ಮಡಚಿಕೊಂಡಿತು. ಮೂವತ್ತೈದರದ್ದು ಎಲ್ಲೂ ತಾಗಲಿಲ್ಲ, ಮಧ್ಯೆ ಎರಡು ಬೆರಳು ಸಂದು ಉಳಿಯಿತು. ಆ ಅಳತೆಯ ಟಯರಿನ ಪಕ್ಕದಲ್ಲಿ ಉಬ್ಬಿದ ಭಾರದ ಅಂಕಿಯನ್ನು ಅವರು ಕಣ್ಣಿಂದ ಓದದೆ ಹೆಬ್ಬೆರಳಿಂದ ಸವರಿ, ಇದು ನಿನ್ನ ಭಾರ ತಡೆಯುತ್ತೆ ಎಂದರು. ರಿಮ್ಮಿನ ನಡುವಿನ ತೂತನ್ನು ಗಾಡಿಗೆ ಕೂರಿಸಿ ನೋಡಿದರು. ಅಣ್ಣನಿಗೆ ಇಷ್ಟವಾಗಿದ್ದ ಮೊದಲ ಜೊತೆ ಒಂದು ಕೂದಲೆಳೆ ಸಡಿಲವಿತ್ತು, ಬೇಡವೆಂದರು. ಎರಡನೆಯದು, ಕಪ್ಪು ಬಣ್ಣದ್ದು, ಪಾತ್ರೆಗೆ ಅದರದೇ ಮುಚ್ಚಳ ಕೂತ ಹಾಗೆ ಕೂತಿತು. ನಾನು ಹನ್ನೆರಡು ವರ್ಷದಿಂದ ಅಳತೆ ಹಿಡಿದು ಬದುಕುತ್ತಿದ್ದೇನೆ. ಟೇಪಿಲ್ಲದೆ ಅಳೆಯುವ ಕೈಯನ್ನು ನೋಡಿದ್ದು ಅದೇ ಮೊದಲು.

ನಟ್ಟು ಬಿಗಿ ಮಾಡಿದ್ದು ಸಂಜೆ 4.10ಕ್ಕೆ. ನಾನು ನಾಲ್ಕು ಅಡಿ ದೂರದಲ್ಲಿದ್ದೆ. ಸಾಕಷ್ಟು ಬಿಗಿಯಾದಾಗ ಟಕ್ ಎಂದು ಸದ್ದು ಮಾಡುವ ಉದ್ದನೆಯ ಪಾನಾದಿಂದ ಅಜ್ಜ ತಾವೇ ಬಿಗಿ ಮಾಡಿದರು. ಒಂದು ನಟ್ಟು, ಆಮೇಲೆ ಅದರ ಎದುರಿನದು. ನಾಲ್ಕು ಚಕ್ರಕ್ಕೂ ಸೇರಿ ಮೂವತ್ತೆರಡು ಸಲ ಟಕ್ ಎಂದಿತು. ನಾನು ಎಣಿಸಿದ್ದೇನೆ. ಜಾಕ್ ಇಳಿಸಿದಾಗ ಗಾಡಿ ಮೊದಲಿಗಿಂತ ಒಂದೂವರೆ ಇಂಚು ಎತ್ತರಕ್ಕೆ ನಿಂತಿತು. ಅಳತೆ ಅಷ್ಟೇ, ಆದರೆ ಬೇರೆ ಯಾರೋ ಎದ್ದು ನಿಂತ ಹಾಗೆ ಕಂಡಿತು. ಅಣ್ಣ ಕನ್ನಡಕ ತೆಗೆದು ಒರೆಸಿಕೊಂಡ.

ಅದಾದ ಮೇಲೆ ಸೀಟಿನ ಅಳತೆ ತೆಗೆಯಲು ನಾನು ಕ್ಯಾಬಿನ್ ಹತ್ತಿದೆ. ಇಳಿದಾಗ ಪ್ರತಿ ನಟ್ಟಿನಿಂದ ರಿಮ್ಮಿನವರೆಗೆ ಒಂದೊಂದು ಹಳದಿ ಗೆರೆ ಎಳೆದಿತ್ತು. ಅಜ್ಜ ಅಣ್ಣನಿಗೆ ಅದರ ಬಗ್ಗೆ ಏನೋ ಹೇಳಿ ಮುಗಿಸಿದ್ದರು. ಏನೆಂದು ನಾನು ಕೇಳಲಿಲ್ಲ. ನನಗೆ ಹೊರಗಿನವರ ಎದುರು ಬಾಯಿ ಬರುವುದಿಲ್ಲ.

ದಿನಾಂಕ 12, ಮಂಗಳವಾರ ಅಣ್ಣ ತೊಂಬತ್ತು ಕಿಲೋಮೀಟರ್ ಓಡಿಸಿ ಸಂಜೆ 5 ಗಂಟೆಗೆ ಬಂದ. ಚಕ್ರಗಳಿಗೆ ಕೆಸರು ಹಿಡಿದಿತ್ತು. ಅವನು ಸ್ನಾನಕ್ಕೆ ಹೋದಾಗ ನಾನು ಬಕೆಟ್ ತೆಗೆದುಕೊಂಡು ನಾಲ್ಕು ಚಕ್ರವನ್ನೂ ತೊಳೆದೆ. ಅಷ್ಟು ಚೆಂದದ ವಸ್ತು ನಮ್ಮ ಬಾಗಿಲಲ್ಲಿ ನಿಂತಿದ್ದು ನನಗೆ ಇನ್ನೂ ನಂಬಿಕೆಯಾಗಿರಲಿಲ್ಲ. ತೊಳೆಯುವಾಗ, ಮೂವತ್ತೆರಡರಲ್ಲಿ ಇಪ್ಪತ್ತೊಂಬತ್ತು ಗೆರೆ ನೇರ ಇದ್ದು, ಒಂದೇ ಚಕ್ರದ ಮೂರು ಗೆರೆ ಮಧ್ಯದಲ್ಲಿ ಮುರಿದು ಓರೆಯಾಗಿದ್ದು ಕಂಡಿತು. ಎಳೆಯುವಾಗ ಅಜ್ಜನ ಕೈ ನಡುಗಿರಬೇಕು, ವಯಸ್ಸಾಗಿದೆ, ಪಾಪ ಎಂದುಕೊಂಡೆ. ಓರೆ ಗೆರೆ ಬಿಟ್ಟು ಏಳಲು ನನ್ನಿಂದ ಆಗುವುದಿಲ್ಲ. ಥಿನ್ನರ್ ಹಚ್ಚಿದ ಬಟ್ಟೆಯಿಂದ ಆ ಮೂರನ್ನೂ ಒರೆಸಿ, ರೆಕ್ಸಿನ್ ಮೇಲೆ ಗುರುತು ಹಾಕುವ ನನ್ನ ಹಳದಿ ಪೆನ್ನಿನಿಂದ, ಸ್ಕೇಲ್ ಇಟ್ಟು ನೆಟ್ಟಗೆ ಎಳೆದೆ. ಆಗ ಸಂಜೆ 5.35. ಯಾರಿಗೂ ಹೇಳಲಿಲ್ಲ, ಹೇಳುವಂಥದ್ದು ಎಂದೂ ಅನ್ನಿಸಲಿಲ್ಲ.

ದಿನಾಂಕ 13, ಬುಧವಾರ ಬೆಳಿಗ್ಗೆ 7 ಗಂಟೆಗೆ ಅಣ್ಣ ನಾಲ್ಕು ಚಕ್ರವನ್ನೂ ಬಗ್ಗಿ ನೋಡಿದ. ಎಂಬತ್ತು ಕಿಲೋಮೀಟರ್ ಆದ ಮೇಲೆ ತೋರಿಸೋಕೆ ಬಾ ಅಂತ ಅಜ್ಜ ಅಂದಿದ್ದಾರೆ, ಆದರೆ ಎಲ್ಲ ನೆಟ್ಟಗಿದೆಯಲ್ಲ, ನಾಳೆ ಹೋದರಾಯಿತು ಎಂದ. ಹೊಲಿದ ಕವರುಗಳನ್ನು ಒಬ್ಬರಿಗೆ ತಲುಪಿಸಬೇಕಿದ್ದ ನಾನೂ ಹತ್ತಿದೆ. ಹಿಂದೆ ಎರಡು ಜನರೇಟರ್ ಇದ್ದವು.

11.20ಕ್ಕೆ ಮೇಲಿನ ರಸ್ತೆಯಿಂದ ಇಳಿಜಾರಿನಲ್ಲಿ ಬರುತ್ತಿದ್ದೆವು. ಒಂದು ದೊಡ್ಡ ಚಕ್ರ ನಮ್ಮನ್ನು ದಾಟಿ ಮುಂದೆ ಹೋಯಿತು. ಅಣ್ಣ ನಕ್ಕು, ಅಲ್ಲಿ ನೋಡೇ ಚಿಟ್ಟಿ, ಯಾರ ಚಕ್ರವೋ ಸಂತೆಗೆ ಹೊರಟಿದೆ ಎಂದ. ಅವನ ಮಾತು ಮುಗಿಯುವ ಮೊದಲೇ ನಾನು ಕುಳಿತ ಬದಿ ಧೊಪ್ಪನೆ ಕುಸಿಯಿತು. ಗಾಡಿ ಟಾರನ್ನು ಕೆರೆದುಕೊಂಡು ನಲವತ್ತು ಅಡಿ ಹೋಗಿ ನಿಂತಿತು.

ಗಾಡಿ ನಿಂತರೂ ಚಕ್ರ ನಿಲ್ಲಲಿಲ್ಲ. ಅದನ್ನು ನಾನು ಕೊನೆಯವರೆಗೂ ನೋಡಿದೆ. ಅಲುಗಾಡದೆ, ದಾರಿ ಬಲ್ಲವರ ಹಾಗೆ ಹೋಯಿತು. ಕ್ಷೌರದಂಗಡಿಯ ಬಾಗಿಲಲ್ಲಿ ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದವರ ಕಾಲ ಮುಂದೆ ಒಂದು ಗೇಣು ಬಿಟ್ಟು ಹೋಯಿತು. ನಿಲ್ಲಿಸಿದ್ದ ಎರಡು ಸ್ಕೂಟರುಗಳ ಮಧ್ಯೆ ಯಾವುದಕ್ಕೂ ತಾಗದೆ ತೂರಿತು. ಬಸ್ಸಿಗೆ ಸಾಲಾಗಿ ನಿಂತಿದ್ದ ಹನ್ನೊಂದು ಜನ ಸದ್ದೇ ಮಾಡದೆ ಎರಡು ಭಾಗವಾದರು, ಅದು ನಡುವೆ ಹೋಯಿತು. ಹಾಗೆ ಸರಿಯುವಾಗ ಒಬ್ಬ ಅಜ್ಜಿ ಬಿದ್ದು ಅವರ ಮಣಿಕಟ್ಟು ಮುರಿಯಿತು. ಕೊನೆಗೆ ಬ್ರೆಡ್ ಅಂಗಡಿಯ ಗಾಜು ಒಡೆದು ಒಳಗೆ ಬಿದ್ದಿತು. ತಾವು ಅಳೆದಂತೆ 312 ಮೀಟರ್. ನನಗೆ ಆ ಹೊತ್ತಿನಲ್ಲಿ ಹೆದರಿಕೆ ಬರಲಿಲ್ಲ, ಎದೆಯಲ್ಲಿ ಜಾಗವೇ ಇರಲಿಲ್ಲ. ಹೆದರಿಕೆ ಬಂದದ್ದು ಆ ಅಜ್ಜಿ ಅಳುವುದು ಕೇಳಿದ ಮೇಲೆ.

11.50ಕ್ಕೆ, ಸುದ್ದಿ ಕೇಳಿ, ಗಾಳಿಯಜ್ಜ ಬ್ರೆಡ್ ಅಂಗಡಿಯ ಹತ್ತಿರ ಬಂದರು. ಅಣ್ಣ ಜನರ ಎದುರು ಕೂಗಿ, ನಟ್ಟು ತಿರುಗಿದ್ರೆ ಗೆರೆ ಮುರಿಯುತ್ತೆ, ಮುರಿದ್ರೆ ಗಾಡಿ ತೆಗೀಬೇಡ ಅಂತ ನೀವೇ ಅಂದಿದ್ರಿ, ಬೆಳಿಗ್ಗೆ ನೋಡೇ ಹೊರಟೆ, ಒಂದೂ ಮುರಿದಿರಲಿಲ್ಲ, ಹಾಗಾದ್ರೆ ನೀವು ಬಿಗಿನೇ ಮಾಡಿಲ್ಲ ಎಂದ. ಆ ಗೆರೆಗಳು ಯಾಕೆಂದು ನನಗೆ ತಿಳಿದದ್ದು ಆಗ.

ಅಜ್ಜ ಗಾಜಿನ ಚೂರುಗಳ ಮಧ್ಯೆ ಕುಕ್ಕರಗಾಲಲ್ಲಿ ಕೂತು ರಿಮ್ಮನ್ನು ನೋಡಿದರು. ಅವರ ಹಳದಿ ಅರಿಶಿನದ ಬಣ್ಣ, ನನ್ನದು ನಿಂಬೆಹಣ್ಣಿನದು. ರಿಮ್ಮಿನ ಮೇಲೆ ಎರಡೂ ಇದ್ದವು. ಅವರು ಹೆಬ್ಬೆರಳಿಂದ ನನ್ನ ಗೆರೆಯನ್ನು ಸವರಿದರು. ತಲೆ ಎತ್ತಿ ನನ್ನ ಕೈ ನೋಡಿದರು. ಉಗುರಿನ ಸಂದಿಯಲ್ಲಿ ಬಣ್ಣ ಹಾಗೇ ಇತ್ತು. ಗೆರೆ ಬಲು ನೇರ ಇದೆ ತಾಯಿ ಎಂದು ನನಗಷ್ಟೇ ಕೇಳುವಂತೆ ಹೇಳಿದರು. ಆಮೇಲೆ ಎದ್ದು, ಪೊಲೀಸರು ಏನು ಕೇಳಿದರೂ ಉತ್ತರ ಕೊಡದೆ ಜೀಪು ಹತ್ತಿದರು.

ನಲವತ್ತು ವರ್ಷದ ಕೈ ಅವರದು. ಒಂದು ಮಾತು ಆಡಿದ್ದರೆ ಅದರ ಹೆಸರು ಉಳಿಯುತ್ತಿತ್ತು. ಆಡಲಿಲ್ಲ. ರಾತ್ರಿಯೆಲ್ಲ ಯೋಚಿಸಿದರೂ ಅಷ್ಟು ದೊಡ್ಡ ಮನಸ್ಸಿಗೆ ಅಳತೆ ನನಗೆ ಸಿಗಲಿಲ್ಲ.

ಅವರು ನಟ್ಟು ಸರಿಯಾಗಿ ಬಿಗಿ ಮಾಡಿದ್ದರು, ಓಡಿದ ಮೇಲೆ ಹೊಸ ರಿಮ್ಮಿನ ನಟ್ಟು ಸಡಿಲವಾಗಬಹುದೆಂದೇ ಸರಿಯಾಗಿ ಗುರುತು ಹಾಕಿದ್ದರು. ಆ ಗುರುತು ಮಂಗಳವಾರವೇ ಎಚ್ಚರಿಕೆ ಕೊಟ್ಟಿತ್ತು. ಅಳಿಸಿದವಳು ನಾನು. ಅವರನ್ನು ಮನೆಗೆ ಕಳುಹಿಸಬೇಕಾಗಿ ಕೇಳಿಕೊಳ್ಳುತ್ತೇನೆ.

ಮೇಲೆ ಇರುವುದೆಲ್ಲ ನಾನು ಕಣ್ಣಾರೆ ಕಂಡದ್ದು, ಕೈಯಾರೆ ಮಾಡಿದ್ದು. ಯಾರೂ ಹೇಳಿಕೊಟ್ಟು ಹೇಳಿಸಿಲ್ಲ. ಇದನ್ನು ನನಗೆ ಓದಿ ಹೇಳುವುದು ನಿಯಮವೆಂದು ತಿಳಿಸಿದ್ದೀರಿ. ಹೊರಗೆ ಬೆಂಚಿನ ಮೇಲೆ ನನ್ನ ಅಣ್ಣ ಕೂತಿದ್ದಾನೆ, ಅವನಿಗೆ ಇದು ಗೊತ್ತಿಲ್ಲ. ನನ್ನ ಬಾಯಿಂದ ಅವನಿಗೆ ಹೇಳಲು ನನಗೆ ಆಗುವುದಿಲ್ಲ. ಆದ್ದರಿಂದ ಓದುವಾಗ ಬಾಗಿಲು ತೆರೆದಿಟ್ಟು ಜೋರಾಗಿ ಓದಬೇಕು.

ಸ್ಥಳ: ಪೊಲೀಸ್ ಠಾಣೆ
ದಿನ: 14, ಗುರುವಾರ, ಬೆಳಿಗ್ಗೆ 9.40
ಸಹಿ: ಚಿಟ್ಟಿ