ಟ್ಯಾಂಕಿನ ಮುಚ್ಚಳ ಬಡಿದವರು

ಬಸ್ ನಿಲ್ದಾಣದ ಬೆಂಚಿನಲ್ಲಿ ನನ್ನ ಪಕ್ಕ ಅಕ್ಕ, ತಮ್ಮ ಕೂತಿದ್ದರು. ಅಕ್ಕನ ಮಡಿಲಲ್ಲಿ ಬಟ್ಟೆಯ ಗಂಟು.

“ಹಣ್ಣಿನ ರಸದ ಕಾರ್ಖಾನೆ ಮುಚ್ಚಿ ತಿಂಗಳಾಯ್ತಕ್ಕ. ಹಿತ್ತಲಿನ ಗೋಬರ್ ಗ್ಯಾಸ್ ಥರದ ಟ್ಯಾಂಕಿಗೆ ಹಾಕೋಕೆ ಅಲ್ಲಿನ ಸಿಪ್ಪೆಯೇ ಇಲ್ಲ, ಒಲೆಗೆ ಗ್ಯಾಸ್ ಎಲ್ಲಿಂದ ಬರುತ್ತೆ?”

“ಬರ್ತಾ ಇದೆಯಲ್ಲಪ್ಪ. ದಿನಾ ಬೆಳಗ್ಗೆ ಮುಚ್ಚಳ ಉಬ್ಬಿ ಮೇಲೆದ್ದಿರುತ್ತೆ.”

“ಒಳಗೆ ಹಳೇದು ಕೊಳೀತಾ ಇರುತ್ತೆ, ಬಿಡು.”

“ಹಳೇದು ಹುಳಿಯಾಗಿ ಸತ್ತೇ ಹೋಗಿತ್ತು ಕಣೋ, ಗ್ಯಾಸೇ ನಿಂತಿತ್ತು. ನಿನ್ನ ಭಾವ ಹಾಸಿಗೆ ಹಿಡಿದಾಗ ನಾನೇ ನಿಂಬೆ ಸಿಪ್ಪೆಯೆಲ್ಲ ಒಂದೇ ಸಲ ಸುರಿದು ಕೆಡಿಸಿದ್ದೆ. ಅವರು ತೀರಿಕೊಂಡ ಮರುದಿನದಿಂದ ಒಲೆಯಲ್ಲಿ ಮತ್ತೆ ನೀಲಿ ಉರಿ.”

“ದೇವರ ಕೃಪೆ ಅಂದ್ಕೋ.”

“ಅಂದ್ಕೊಂಡೆ. ಆದ್ರೆ ಆ ಬಡಿತ? ನಿನ್ನ ಭಾವ ಸಿಪ್ಪೆ ಕದಡಿ ಮುಗಿದ ಮೇಲೆ ಕೋಲಲ್ಲಿ ಮುಚ್ಚಳ ಬಡೀತಿದ್ರು, ಒಲೆ ಹಚ್ಚು ಅಂತ. ಈಗಲೂ ಬಡೀತಾರೆ. ನಾನು ನಿನ್ನ ಜೊತೆ ಬಂದುಬಿಟ್ರೆ ಹಚ್ಚೋರ್ಯಾರು?”

“ಅದು ನಿನ್ನ ಕಿವಿಯಲ್ಲಿ ಕೂತಿದೆ. ನಮ್ಮನೇಲಿ ನಾಲ್ಕು ದಿನ ಇದ್ರೆ ಸರಿಹೋಗುತ್ತೆ.”

“ಇದ್ದರೂ ಇರಬಹುದು. ಅಲ್ಲ, ಇವತ್ತೇನೋ ನೀನು, ನಾನೇಳೋ ಮುಂಚೆನೇ ಹಾಲು ಕಾಯಿಸಿಟ್ಟಿದ್ದೆ? ಹುಟ್ಟಿದಾಗಿಂದ ಒಲೆ ಕಡೆ ತಲೆ ಹಾಕದ ಮಹಾರಾಯ!”

“ನೀನು ಹಿತ್ತಲಲ್ಲಿ ಮುಚ್ಚಳ ಬಡಿದೆಯಲ್ಲ, ಅದಕ್ಕೇ ಹಚ್ಚಿದೆ.”

“ನಾನಿನ್ನೂ ಮಲಗಿದ್ದೆ.”

ಬಸ್ಸು ಬಂದು ನಿಂತಿತು. ತಮ್ಮ ಅದರ ಕಡೆ ನೋಡಲಿಲ್ಲ.

“ಬರೋವಾಗ ನೀನು ಒಲೆ ಆರಿಸಿದ್ದೆ ಅಲ್ವಾ ಅಕ್ಕ?”

“ಆರಿಸಿದ್ದೆ. ಅವರು ಕಾಯ್ತಿರ್ತಾರೆ.”

ತಮ್ಮ ಗಂಟನ್ನು ತಾನೇ ಎತ್ತಿಕೊಂಡ. ಬಸ್ಸು ಹೊರಟಿತು. ಇಬ್ಬರೂ ಬಂದ ದಾರಿಯಲ್ಲೇ ತಿರುಗಿ ನಡೆದರು. ಅಕ್ಕ ಮುಂದೆ, ಅವನು ಹಿಂದೆ.