ಎರಡು ಸಲ ಜಗ್ಗಿದರೆ

ಅವತ್ತು ಭಾನುವಾರ. ಅವಲಕ್ಕಿಗೆ ಒಗ್ಗರಣೆ ಹಾಕಿ, ಡಬ್ಬಿಗೆ ತುಂಬಿ, ತಮ್ಮ ಅತುಲನ ಬ್ಯಾಗಿನಲ್ಲಿಟ್ಟೆ. ಅವನು ಬಚ್ಚಲಿನಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಕ್ಯಾಮೆರಾಕ್ಕೆ ತೊಡಿಸುವ ಗಾಜಿನ ಮುಖದ ಪೆಟ್ಟಿಗೆಯನ್ನು ಬಕೆಟ್ ನೀರಿನಲ್ಲಿ ಅದ್ದಿ ನೋಡುತ್ತಿದ್ದ. ಗುಳ್ಳೆ ಎದ್ದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಏಳಲಿಲ್ಲ. ನೆಲ ಒರೆಸಬೇಕು, ಬಕೆಟ್ ಬಿಡು ಎಂದೆ.

"ತಗೋ ಮಾರಾಯ್ತಿ, ನಿನ್ನ ಬಕೆಟ್ಟನ್ನೇನು ನಾನು ಭದ್ರಾವತಿಗೆ ಹೊತ್ಕೊಂಡು ಹೋಗಲ್ಲ" ಎಂದ.

ಅವನು ನನಗೆ ಹೇಳಿದ ಕೊನೆಯ ಮಾತು ಅದು. ಬಕೆಟ್ಟಿನ ಬಗ್ಗೆ.

ಶಿವಮೊಗ್ಗದಲ್ಲಿ ನೀರಿನೊಳಗೆ ಇಳಿದು ಫೋಟೋ ತೆಗೆಯುವವರ ಕ್ಲಬ್ ಇದೆ ಎಂದರೆ ಜನ ನಗುತ್ತಾರೆ. ಸಮುದ್ರವಿಲ್ಲದ ಊರಿನಲ್ಲಿ ಇದೆಂಥ ಹುಚ್ಚು ಎನ್ನುತ್ತಾರೆ. ಆದರೆ ಇದೆ. ವಿನೋಬನಗರದಲ್ಲಿ ಹಲ್ಲಿನ ಕ್ಲಿನಿಕ್ ಇಟ್ಟಿರುವ ಡಾಕ್ಟರ್ ವಿಜಯೇಂದ್ರ ಅದರ ಅಧ್ಯಕ್ಷರು. ಬೇಸಿಗೆಯಲ್ಲಿ ತುಂಗೆಯ ಮಡುಗಳಿಗೆ ಇಳಿಯುತ್ತಿದ್ದರು. ಉಳಿದಂತೆ ಭದ್ರಾವತಿ ದಾಟಿದ ಮೇಲೆ ಸಿಗುವ ಒಂದು ಹಳೆಯ ಕಲ್ಲಿನ ಕ್ವಾರಿಗೆ ಹೋಗುತ್ತಿದ್ದರು. ಕಲ್ಲು ತೆಗೆಯುವುದು ನಿಂತು, ನೀರು ತುಂಬಿ, ಕನ್ನಡಿಯಂತೆ ತಿಳಿಯಾಗಿದ್ದ ಜಾಗ.

ಅವರ ಬಳಿ ಇದ್ದದ್ದು ಒಂದೇ ಗಾಳಿಯ ಸಿಲಿಂಡರ್. ಹಾಗಾಗಿ ಒಬ್ಬ ಇಳಿಯಬೇಕು, ಒಬ್ಬ ದಡದಲ್ಲಿ ಹಗ್ಗ ಹಿಡಿದು ಕೂರಬೇಕು. ಹಗ್ಗದ ಇನ್ನೊಂದು ತುದಿ ಇಳಿದವನ ಸೊಂಟಕ್ಕೆ. ಕೆಳಗಿನಿಂದ ಒಂದು ಸಲ ಜಗ್ಗಿದರೆ, ಚೆನ್ನಾಗಿದ್ದೇನೆ. ಎರಡು ಸಲ ಜಗ್ಗಿದರೆ, ಎಳಿ.

ಕ್ವಾರಿಯ ತಳದಲ್ಲಿ ರಾಗಿಹಿಟ್ಟಿನಂಥ ಸಣ್ಣ ಕೆಸರು. ಕಾಲು ಅಲ್ಲಾಡಿಸಿದರೆ ಸಾಕು, ನೀರೆಲ್ಲ ಕದಡಿ ಆ ದಿನದ ಕೆಲಸ ಮುಗಿಯಿತು. ಅದಕ್ಕೇ ಅಲ್ಲಾಡದೆ ಬಿದ್ದುಕೊಂಡಿರುವವನೇ ಅವರಲ್ಲಿ ದೊಡ್ಡ ಫೋಟೋಗ್ರಾಫರ್. ಹಗ್ಗ ಎಷ್ಟು ಹೊತ್ತು ಸುಮ್ಮನಿದ್ದರೆ ಅಷ್ಟು ಒಳ್ಳೆಯ ಫೋಟೋ.

ಆ ಬಕೆಟ್ಟಿನ ಭಾನುವಾರಕ್ಕೂ ಹಿಂದಿನ ಭಾನುವಾರ ಹಗ್ಗ ಹಿಡಿದವನು ದೇವರಾಜ್. ಅತುಲನ ಹೈಸ್ಕೂಲ್ ಸ್ನೇಹಿತ, ಹೊಸಮನೆ ಬಡಾವಣೆಯವನು, ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಕೆಲಸ. ಒಂದು ಸಲ ಜಗ್ಗಿದ್ದನ್ನು ಎರಡು ಎಂದು ತಿಳಿದು ಎಳೆದೇಬಿಟ್ಟ. ಕೆಸರೆದ್ದಿತು. ಹತ್ತಿರ ಬಂದಿದ್ದ ಮೀನು ಓಡಿಹೋಯಿತು. ಜೀಪಿನಲ್ಲಿ ಭದ್ರಾವತಿಯಿಂದ ಶಿವಮೊಗ್ಗ ಬರುವವರೆಗೂ ಎಲ್ಲ ಸೇರಿ ಅವನನ್ನು ಆಡಿಕೊಂಡರಂತೆ. ಜಗ್ಗಣ್ಣ ಎಂದು ಹೆಸರಿಟ್ಟರು. ಇಟ್ಟವನು ಅತುಲನೇ. ರಾತ್ರಿ ಊಟಕ್ಕೆ ಕೂತಾಗ ನನಗೂ ಹೇಳಿದ. "ಬಾವಿಗೆ ಬಿದ್ದ ಎಮ್ಮೆ ಎಳೆದ ಹಂಗೆ ಎಳೆದ ಅಕ್ಕ" ಎಂದು ನಕ್ಕ.

ಈ ಭಾನುವಾರವೂ ಹಗ್ಗ ಹಿಡಿದವನು ದೇವರಾಜನೇ.

ಮಧ್ಯಾಹ್ನ ಫೋನ್ ಬಂತು. ಹಳೆಯ ಕ್ವಾರಿಯ ತಂತಿ ಕಾಲಿಗೆ ಸುತ್ತಿಕೊಂಡಿತ್ತು. ಸಿಲಿಂಡರ್ ಖಾಲಿಯಾಗಿತ್ತು. ಮೇಲಕ್ಕೆ ತಂದ ಮೇಲೆ ಸೊಂಟದ ಗಂಟು ಬಿಚ್ಚಲು ಬರದೆ ಹಗ್ಗವನ್ನು ಕತ್ತರಿಸಿದರು. ಸೊಂಟದ ಕುಣಿಕೆಯನ್ನು ಆಸ್ಪತ್ರೆಯವರು ಅವನ ವಾಚಿನ ಜೊತೆ ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ, ಪಿನ್ ಹೊಡೆದು, ನನಗೆ ಕೊಟ್ಟರು. ಅತುಲ್ ಎಡಚ. ಅವನ ಗಂಟು ಎಲ್ಲರ ಗಂಟಿನ ಹಾಗಿರಲಿಲ್ಲ, ತಿರುಗುಮುರುಗಾಗಿರುತ್ತಿತ್ತು. ಚಿಕ್ಕವನಿದ್ದಾಗ ಅವನ ಶೂ ಲೇಸು ಬಿಚ್ಚುತ್ತಿದ್ದವಳು ನಾನು. ಕವರನ್ನು ಬೀರುವಿನಲ್ಲಿಟ್ಟೆ.

ಜೊತೆಗಿದ್ದವರೆಲ್ಲ, ಅತುಲ್ ಹಗ್ಗ ಜಗ್ಗಲೇ ಇಲ್ಲ ಎಂದರು. ಪೊಲೀಸರಿಗೂ ಅದನ್ನೇ ಹೇಳಿದರು.

ಕ್ಲಬ್ಬಿನವರು ಮಳೆಗಾಲಕ್ಕೆ ಮುಂಚೆ ಒಂದು ಪ್ರದರ್ಶನ ಮಾಡಿದರು. ಮಧ್ಯದಲ್ಲಿ ಅತುಲನ ಕೊನೆಯ ಫೋಟೋ. ಒಂದು ಕುಚ್ಚು ಮೀನು, ಅದರ ಸುತ್ತ ಸಾಸಿವೆಕಾಳಿನಂಥ ಮರಿಗಳು. ಕೆಳಗೆ 'ತಾಳ್ಮೆ' ಎಂದು ಬರೆದಿದ್ದರು. ಮೂಲ ಚಿತ್ರದ ಮೂಲೆಯಲ್ಲಿ ಹಗ್ಗ ಬಂದಿತ್ತು. ನಾನು ನೋಡಿದ್ದೆ. ಚೆನ್ನಾಗಿ ಕಾಣುವುದಿಲ್ಲವೆಂದು ಅದನ್ನು ಕತ್ತರಿಸಿದ್ದರು. ಡಾಕ್ಟರ್ ವಿಜಯೇಂದ್ರ ಭಾಷಣ ಮಾಡುತ್ತ, ಅತುಲನ ತಾಳ್ಮೆ ಎಲ್ಲರಿಗೂ ಪಾಠ, ಆದರೆ ನಿಯಮ ಮರೆತ, ಎರಡು ಸಲ ಜಗ್ಗಿದ್ದರೆ ಇವತ್ತು ಇಲ್ಲೇ ನಮ್ಮ ನಡುವೆ ಕೂತಿರುತ್ತಿದ್ದ ಎಂದರು. ಜನ ಚಪ್ಪಾಳೆ ತಟ್ಟಿದರು. ನನಗೂ ಒಂದು ಶಾಲು ಹೊದಿಸಿದರು.

ದೇವರಾಜ್ ಬಂದಿರಲಿಲ್ಲ.

ಇನ್ನು ಮುಂದಿನದು ಅವನಿಗೆ ಆದದ್ದು. ಅವನ ಬಾಯಿಂದ ಕೇಳಿದ ಹಾಗೇ ಹೇಳುತ್ತೇನೆ.

ಉಳಿದ ಹಗ್ಗ ಅವನ ಮನೆಯಲ್ಲೇ ಬಿದ್ದಿತ್ತು. ಅವನ ತಾಯಿ ದ್ಯಾಮಮ್ಮನಿಗೆ ಅದು ಯಾವ ಹಗ್ಗವೆಂದು ಗೊತ್ತಿಲ್ಲ. ಗಟ್ಟಿಯಾಗಿದೆ ಎಂದು ಹಿತ್ತಲಲ್ಲಿ ನುಗ್ಗೆಮರಕ್ಕೂ ಕಿಟಕಿಯ ಸರಳಿಗೂ ಕಟ್ಟಿ ಬಟ್ಟೆ ಒಣಹಾಕಿದರು. ಆಷಾಢದ ಒಂದು ರಾತ್ರಿ... ಗಾಳಿ ನಿಂತಿತ್ತು. ಬಟ್ಟೆಗೆ ಹಾಕಿದ್ದ ಕ್ಲಿಪ್ಪುಗಳು ಸದ್ದು ಮಾಡಿದವು. ಟಿಕ್. ಸ್ವಲ್ಪ ಬಿಟ್ಟು... ಟಿಕ್. ಕಿಟಕಿಯ ಸರಳು ನಡುಗಿ ನಿಂತಿತು. ಮಾರನೆಯ ರಾತ್ರಿಯೂ ಅಷ್ಟೇ. ಎರಡೇ ಸಲ, ಆಮೇಲೆ ಏನೂ ಇಲ್ಲ.

ದೇವರಾಜ್ ಹಗ್ಗ ಬಿಚ್ಚಿದ. ಸುತ್ತಿ, ಒಂದು ಚಪ್ಪಡಿ ಕಲ್ಲಿಗೆ ಬಿಗಿದು, ಹಿತ್ತಲ ಬಾವಿಗೆ ಹಾಕಿದ. ಮನೆಗೆ ನಲ್ಲಿ ಬಂದಮೇಲೆ ಯಾರೂ ಮುಟ್ಟದ ಬಾವಿ. ಧಡ್ ಎಂದು ಬಿತ್ತು, ಮುಳುಗಿತು. ಕಣ್ಣಾರೆ ನೋಡಿದ.

ಮರುದಿನ ಅಂಗಡಿ ಮುಚ್ಚಿ ಬರುವಾಗ ಬೀದಿಯಲ್ಲಿ ಕರೆಂಟ್ ಇರಲಿಲ್ಲ. ಹಿತ್ತಲ ಬಾಗಿಲಿಂದ ಒಳಗೆ ಹೋಗಬೇಕೆಂದರೆ ಬಾವಿ ದಾಟಲೇಬೇಕು. ದಾಟುವಾಗ ಕೆಳಗಿನಿಂದ... ಬುಳಕ್. ನಿಂತ. ಬುಳಕ್... ಬುಳಕ್... ಅಷ್ಟಷ್ಟು ಹೊತ್ತಿಗೊಮ್ಮೆ, ಯಾರೋ ಉಸಿರು ಬಿಟ್ಟ ಹಾಗೆ. ಮೊಬೈಲ್ ಬೆಳಕು ಬಿಟ್ಟ. ಹಗ್ಗದ ಒಂದು ತುದಿ ಬಾವಿಕಟ್ಟೆಯ ಮೇಲಿತ್ತು. ಇಷ್ಟುದ್ದ, ಒದ್ದೆಯಾಗಿ, ಹಿಡಿಯಲು ಕೊಟ್ಟ ಹಾಗೆ.

ಅವನು ಆಮೇಲೆ ವಿದ್ಯಾನಗರದ ನಮ್ಮ ಮನೆಗೆ ಬಂದ. ಒಳಗೆ ಬರಲಿಲ್ಲ, ಗೇಟಿನ ಹತ್ತಿರವೇ ನಿಂತು ಪಿಸುಗುಟ್ಟಿದ.

"ಭವಾನಕ್ಕ... ಒಂದ್ಸಲ ಬರ್ತೀರಾ?"

ಬಾವಿಯಲ್ಲಿ ಆಮೆ ಇದೆಯೇ ಎಂದು ಕೇಳಿದೆ. ಇಲ್ಲ ಎಂದ. ಹಳೆಯ ಪಂಪಿನ ಪೈಪಿನಿಂದ ಗಾಳಿ ಏಳುತ್ತಿರಬಹುದು ಎಂದೆ. ಪೈಪು ತೆಗೆದು ವರ್ಷಗಳಾದವು ಎಂದ. ನಾನು ಮಕ್ಕಳಿಗೆ ವಿಜ್ಞಾನ ಕಲಿಸುವವಳು. ಆದರೂ ಅವನ ಬೈಕಿನ ಹಿಂದೆ ಕೂತೆ.

ದ್ಯಾಮಮ್ಮ ಅಡುಗೆಮನೆಯ ಹೊಸ್ತಿಲ ಮೇಲೆ ನಿಂತಿದ್ದರು, ಕೆಳಗೆ ಇಳಿಯಲಿಲ್ಲ. ಹಗ್ಗ ಬಾವಿಕಟ್ಟೆಯ ಮೇಲೆ ಸಡಿಲವಾಗಿ ಬಿದ್ದಿತ್ತು. ನಾವಿಬ್ಬರೂ ಕಾದೆವು. ಒಳಗೆ... ಬುಳಕ್.

ಆಮೇಲೆ ಹಗ್ಗ ಬಿಗಿಯಾಯಿತು. ಕಲ್ಲಿಗೆ ಉಜ್ಜಿ ಸರ್ರ್ ಎಂದಿತು. ಸಡಿಲಾಯಿತು. ಮತ್ತೆ... ಸರ್ರ್.

ಎರಡು.

ದೇವರಾಜ್ ಅಲ್ಲೇ ನೆಲದ ಮೇಲೆ ಕೂತ.

"ಅವತ್ತೂ ಹಿಂಗೇ ಬಂತಕ್ಕ" ಎಂದ.

"ಎಷ್ಟು ಸಲ?"

"ಎರಡು. ಸ್ವಲ್ಪ ಹೊತ್ತಾದ್ಮೇಲೆ ಮತ್ತೆ ಎರಡು. ಗುಳ್ಳೆ ಬರ್ತಾನೇ ಇತ್ತು. ಮೀನು ತಾಗಿರಬೇಕು ಅಂದ್ಕೊಂಡೆ. ಸುಮ್ನೆ ಎಳೆದ್ರೆ ಮತ್ತೆ ಕೆಸರೇಳುತ್ತೆ, ಮತ್ತೆ ಜಗ್ಗಣ್ಣ ಅಂತಾರೆ... ಎಳೀಲಿಲ್ಲ. ಆಮೇಲೆ ಹಗ್ಗ ಸುಮ್ಮನಾಯ್ತು. ಎಲ್ರೂ ಬಂದು ನೋಡಿ, ಎಷ್ಟು ತಾಳ್ಮೆ ನೋಡು ಇವನಿಗೆ, ಅಂದ್ರು."

ಅವನು ಹಗ್ಗದ ಕಡೆ ನೋಡುತ್ತಲೇ ಮುಂದುವರಿಸಿದ.

"ಅವತ್ತೇ ಡಾಕ್ಟ್ರಿಗೆ ಹೇಳಿದ್ದೆ ಅಕ್ಕ. ಹೋದವನಂತೂ ಹೋದ, ನೀನ್ಯಾಕೆ ಸಿಕ್ಕಿಹಾಕ್ಕೋತೀಯಾ, ಜಗ್ಗಲೇ ಇಲ್ಲ ಅನ್ನು ಅಂದ್ರು."

ಹೊದಿಸಿದ ಶಾಲು ನೆನಪಾಯಿತು. ಚಪ್ಪಾಳೆ ನೆನಪಾಯಿತು. ನಿಯಮ ಮರೆತ ಎಂದು ನನ್ನ ಎದುರಿಗೇ ಹೇಳಿದ್ದರು, ನಾನು ತಲೆ ಬಗ್ಗಿಸಿ ಕೇಳಿಸಿಕೊಂಡಿದ್ದೆ.

ಹಗ್ಗ ಮತ್ತೆ ಬಿಗಿಯಾಯಿತು. ಸರ್ರ್.

"ಎಳಿ" ಎಂದೆ.

"ಏನು ಬರುತ್ತೋ ಅಕ್ಕ..."

ಸರ್ರ್.

"ಏನಾದರೂ ಬರಲಿ. ಎರಡು ಸಲ ಆಯ್ತಲ್ಲ. ಎಳಿ."

ಅವನಿಗೆ ಕೈ ಬರಲಿಲ್ಲ. ನಾನೇ ಹಿಡಿದೆ. ಹಗ್ಗ ತಣ್ಣಗಿತ್ತು. ಎಳೆದರೆ ಅಲ್ಲಾಡಲಿಲ್ಲ. ಕೊನೆಗೆ ದೇವರಾಜ್ ಎದ್ದು ನನ್ನ ಹಿಂದೆ ನಿಂತು ಹಿಡಿದ. ಇಬ್ಬರೂ ಕಾಲೂರಿ ಎಳೆದೆವು. ಒಂದು ಆಳಿನ ಭಾರ. ಚಪ್ಪಡಿ ಕಲ್ಲಿನ ಭಾರವಲ್ಲ, ಅದು ನನಗೆ ಗೊತ್ತು. ಕಲ್ಲಾದರೆ ಒಂದೇ ಸಮ ಬರುತ್ತದೆ. ಇದು ಅಷ್ಟಷ್ಟಕ್ಕೆ ಹಗುರವಾಗುತ್ತಿತ್ತು, ಕೆಳಗಿರುವವನು ತಾನೂ ಗೋಡೆಗೆ ಕಾಲು ಕೊಟ್ಟು ಏರುವ ಹಾಗೆ. ದ್ಯಾಮಮ್ಮ ಹೊಸ್ತಿಲಿನಿಂದ, ಬ್ಯಾಡ ಕಣವ್ವ, ಬಿಡು, ಬಿಡು ಎನ್ನುತ್ತಲೇ ಇದ್ದರು. ಬಿಡಲಿಲ್ಲ.

ನೀರಿನ ಮಟ್ಟಕ್ಕೆ ಬಂದಿರಬೇಕು. ದೊಡ್ಡದಾಗಿ ಒಂದು ಸಲ... ಬುಳಕ್. ಒಮ್ಮೆಲೇ ಭಾರ ಹೋಯಿತು. ಇಬ್ಬರೂ ಹಿಂದಕ್ಕೆ ಬಿದ್ದೆವು. ಆಮೇಲೆ ಹಗ್ಗ ಸುಲಭವಾಗಿ ಬಂತು.

ಕಲ್ಲು ಇರಲಿಲ್ಲ. ಕತ್ತರಿಸಿದ ತುದಿಯೂ ಇರಲಿಲ್ಲ. ತುದಿಯಲ್ಲಿ ಒಂದು ಕುಣಿಕೆ ಇತ್ತು, ಸೊಂಟದಷ್ಟು ಅಗಲದ್ದು. ಮೊಬೈಲ್ ಬೆಳಕಿನಲ್ಲಿ ಗಂಟು ನೋಡಿದೆ. ತಿರುಗುಮುರುಗಾಗಿತ್ತು.

ದೇವರಾಜ್ ಪೊಲೀಸ್ ಸ್ಟೇಷನ್ನಿಗೆ ಹೋಗಿ ಎಲ್ಲ ಹೇಳಿದ. ಬರೆದುಕೊಂಡರೋ ಇಲ್ಲವೋ ಅವನಿಗೂ ತಿಳಿಯಲಿಲ್ಲ. ಕ್ಲಬ್ಬಿನವರು ಹೊಸ ಹಗ್ಗ ತಂದಿದ್ದಾರೆ. ಕ್ವಾರಿಗೆ ಈಗಲೂ ಹೋಗುತ್ತಾರೆ. 'ತಾಳ್ಮೆ' ಡಾಕ್ಟರ ಕ್ಲಿನಿಕ್ಕಿನ ಗೋಡೆಯ ಮೇಲಿದೆ, ಹಲ್ಲುನೋವಿನವರು ಅದನ್ನು ನೋಡುತ್ತ ಕೂರುತ್ತಾರೆ.

ನೀವು ನಂಬಬೇಕೆಂದು ನಾನೇನೂ ಹಟ ಹಿಡಿಯುವುದಿಲ್ಲ. ದುಃಖದಲ್ಲಿ ಕಣ್ಣು ಏನೇನೋ ಕಾಣುತ್ತದೆ ಎಂದು ನಮ್ಮ ಹೆಡ್‌ಮಾಸ್ಟರೂ ಹೇಳಿದರು. ನನ್ನ ಕೈಗೆ ಬೊಬ್ಬೆ ಬಂದಿತ್ತು, ಹಲವು ದಿನ ಸೀಮೆಸುಣ್ಣ ಹಿಡಿಯಲಾಗಲಿಲ್ಲ, ಮಕ್ಕಳು ನೋಡಿದ್ದಾರೆ. ಇದು ನಡೆದದ್ದು.

ಅವತ್ತು ಮನೆಗೆ ಬಂದವಳೇ ಬೀರು ತೆಗೆದೆ. ಪ್ಲಾಸ್ಟಿಕ್ ಕವರು ಇಟ್ಟಲ್ಲೇ ಇತ್ತು. ಪಿನ್ ಹೊಡೆದದ್ದು ಹೊಡೆದ ಹಾಗೇ ಇತ್ತು. ಒಳಗೆ ವಾಚು ಮಾತ್ರ ಇತ್ತು.